ಒದ್ದೆ ಕುರಿಗಳ ಮತ

ಮೆರಿನ್ ಡೂಲನ್‌ಗೆ ಹುಟ್ಟಿನಿಂದಲೇ ಅಂಟಿಕೊಂಡ ಚಟ ಒಂದೇ: ಯಾಕೆ ಎಂದು ಕೇಳುವುದು. ಕೇಳಿ ಸುಮ್ಮನಾಗುವ ಹೆಂಗಸೂ ಅಲ್ಲ, ಉತ್ತರ ಸಿಗುವ ತನಕ ಎದುರಿಗಿದ್ದವರ ತಲೆ ತಿನ್ನುತ್ತಿದ್ದಳು. ಅವಳ ಕಸುಬಿನಲ್ಲಾದರೋ ಈ ಚಟಕ್ಕೆ ಜಾಗವೇ ಇರಲಿಲ್ಲ. ಆಸ್ಟ್ರೇಲಿಯಾದ ರಿವರೀನಾ ಬಯಲಿನಲ್ಲಿ ಶೆಡ್ಡಿನಿಂದ ಶೆಡ್ಡಿಗೆ ತಿರುಗುತ್ತ ಕುರಿಯ ಉಣ್ಣೆಗೆ ದರ್ಜೆ ಹಾಕುವುದು ಅವಳ ಕೆಲಸ. ಕತ್ತರಿಯವರು ಕುರಿಯ ಮೈಯಿಂದ ತುಪ್ಪಟವನ್ನು ಇಡಿಯಾಗಿ ಬಿಡಿಸುತ್ತಾರೆ, ಯಾರಾದರೂ ಅದನ್ನು ತಂದು ಅವಳ ಮೇಜಿನ ಮೇಲೆ ಬೀಸಿ ಹರಡುತ್ತಾರೆ, ಮೆರಿನ್ ಅದರಿಂದ ಒಂದು ಕುಚ್ಚು ಕಿತ್ತು ಎರಡೂ ತುದಿ ಹಿಡಿದು ಕಿವಿಯ ಹತ್ತಿರ ತಂದು ಬೆರಳಿನಿಂದ ಮೀಟುತ್ತಾಳೆ. ಗಟ್ಟಿ ಉಣ್ಣೆಯಾದರೆ ತಂತಿಯ ಹಾಗೆ ಮಿಡಿಯುತ್ತದೆ. ನಡುವೆ ಎಲ್ಲಾದರೂ ಸೋತ ಜಾಗವಿದ್ದರೆ ಚಿಟಿಚಿಟಿ ಸದ್ದು ಮಾಡಿ ಅಲ್ಲೇ ಹರಿಯುತ್ತದೆ. ವರ್ಷದ ಯಾವುದೋ ಹೊತ್ತಿನಲ್ಲಿ ಆ ಕುರಿ ಕಾಯಿಲೆ ಬಿದ್ದಿತ್ತು, ಇಲ್ಲವೇ ಹಸಿದಿತ್ತು, ಆಗ ಬೆಳೆದ ಎಳೆ ತೆಳ್ಳಗಾಗಿದೆ ಎಂದು ಅರ್ಥ. ಹರಿದದ್ದು ಒಂದು ತೊಟ್ಟಿಗೆ, ಗಟ್ಟಿಯದು ಇನ್ನೊಂದು ತೊಟ್ಟಿಗೆ. ಕೆಲಸ ಅಷ್ಟೇ.

ಬೇರೆಯವರಿಗೆ ಅಷ್ಟೇ. ಮೆರಿನ್‌ಗೆ ಆ ಹರಿದ ಜಾಗದಲ್ಲಿ ಏನಾಗಿತ್ತು ಎಂದು ತಿಳಿಯದಿದ್ದರೆ ಊಟ ಸೇರುತ್ತಿರಲಿಲ್ಲ. ತುದಿಯಿಂದ ಅಳತೆ ಹಾಕಿ, ತಿಂಗಳು ಲೆಕ್ಕ ಹಿಡಿದು, ಕುರಿಗಳ ಮಾಲೀಕನ ಬೆನ್ನು ಹತ್ತುತ್ತಿದ್ದಳು. "ಮಾರ್ಚಲ್ಲಿ ಏನಾಯ್ತು ನಿಮ್ಮ ಕುರಿಗಳಿಗೆ?" ಮಾಲೀಕ ತಲೆ ಕೆರೆದುಕೊಂಡು, "ಮಾರ್ಚಲ್ಲಿ... ಹಾಂ, ಇಲಿ ದಂಡು ಬಂದಿತ್ತಲ್ಲ, ಮೇವೆಲ್ಲ ಹಾಳಾಯ್ತು" ಎಂದರೆ ಅವಳ ಮುಖ ಅರಳುತ್ತಿತ್ತು. ಮಾಲೀಕನಿಗೆ ಇದರಲ್ಲಿ ಖುಷಿ ಪಡುವಂಥದ್ದು ಏನಿದೆ ಎಂದು ಕೊನೆಗೂ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಚಹಾದ ಬಿಡುವಿನಲ್ಲಿ ಅವಳ ಕಣ್ಣು ಕ್ಲೆಮ್‌ನ ಕೈಮೇಲೆ ಬಿತ್ತು. ಕ್ಲೆಮ್ ಆ ತಂಡದ ಕತ್ತರಿಯವರಲ್ಲೇ ಹಳಬ. ಬಗ್ಗಿ ಬಗ್ಗಿ ಅವನ ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು, ಬಾಯಿ ಮಾತ್ರ ಸದಾ ನೆಟ್ಟಗೆ ಎದುರಿನವನ ಮೇಲೆ ಗುರಿ ಇಟ್ಟಿರುತ್ತಿತ್ತು. ಅವನ ಹತ್ತೂ ಉಗುರುಗಳ ಮೇಲೆ, ಒಂದೇ ಎತ್ತರದಲ್ಲಿ, ಅಡ್ಡಕ್ಕೆ ಒಂದು ತಗ್ಗು ಗೆರೆ ಹಾಯ್ದಿತ್ತು.

"ಕ್ಲೆಮ್, ಚಳಿಗಾಲದಲ್ಲಿ ನಿಂಗೆ ಏನಾಗಿತ್ತು?"

"ಜ್ವರ. ಕುರಿಯಿಂದ ಬರುತ್ತಲ್ಲ, ಅದು. ಹಾಸಿಗೆ ಬಿಟ್ಟು ಏಳೋಕಾಗ್ದೆ ಬಿದ್ದಿದ್ದೆ. ಯಾಕೆ, ಈಗ ಹೂ ತಂದ್ಕೊಡ್ತೀಯಾ?"

"ನಿನ್ನ ಉಗುರಲ್ಲೂ ಅದು ಕಾಣ್ತಿದೆ. ಉಣ್ಣೆ ಥರಾನೇ."

"ನನ್ನ ಉಗುರಲ್ಲಿ ಕಾಣೋದು ಕೊಳೆ ಕಣೇ."

ಆ ವಾರ ಪಟ್ಟಣಕ್ಕೆ ಹೋದಾಗ ಮೆರಿನ್ ಕೆಮ್ಮಿನ ನೆಪ ಹೇಳಿ ಡಾಕ್ಟರ ಬಳಿ ಕೂತಳು, ಕೇಳಿದ್ದು ಉಗುರಿನ ವಿಷಯ. ಹೌದು, ಹಾಗಾಗುತ್ತದೆ ಎಂದರು ಡಾಕ್ಟರು. ಯಾಕೆ ಎಂದಳು. ಹೇಳಿದರು. ಅದು ಯಾಕೆ ಎಂದಳು. ಹೊರಗೆ ಕಾದಿದ್ದವರ ಕಡೆ ಒಮ್ಮೆ ನೋಡಿ ಡಾಕ್ಟರು, "ನೋಡಿ, ಇಷ್ಟೆಲ್ಲ ತಿಳ್ಕೋಬೇಕು ಅಂದ್ರೆ ನೀವು ಮೆಡಿಕಲ್ ಕಾಲೇಜಿಗೇ ಸೇರ್ಬೇಕಾಗುತ್ತೆ" ಎಂದರು. ಬಾಯಿ ಮುಚ್ಚಿಸಲು ಜನ ಇಂಥ ಮಾತು ಆಡುತ್ತಾರೆ. ಮೆರಿನ್ ಅದನ್ನು ಯಾರೋ ದಾರಿ ತೋರಿಸಿದ ಹಾಗೆ ಕಿವಿಗೊಟ್ಟು ಕೇಳಿಸಿಕೊಂಡು ಎದ್ದುಬಂದಳು.

ಅವಳಿಗಾಗ ಮೂವತ್ತಾರು. ಶಾಲೆಯಲ್ಲಿ ವಿಜ್ಞಾನದ ಕಡೆ ತಲೆ ಹಾಕಿದವಳಲ್ಲ. ಅಂಚೆಯ ಮೂಲಕ ಓದಿ ಪಡೆದ ಪದವಿ ಇತ್ತು, ಅದೂ ಚರಿತ್ರೆಯಲ್ಲಿ. ಆದರೆ ಆ ದೇಶದ ಕೆಲವು ವೈದ್ಯಕೀಯ ಕಾಲೇಜುಗಳು ನೀನು ಏನು ಓದಿದ್ದೆ ಎಂದು ಕೇಳುವುದಿಲ್ಲ. ಯಾವುದಾದರೂ ಒಂದು ಪದವಿ ಇರಲಿ, ಪ್ರವೇಶ ಪರೀಕ್ಷೆ ಗೆದ್ದು ಬಾ, ಆಮೇಲೆ ಸಂದರ್ಶನಕ್ಕೆ ಕರೆಯುತ್ತೇವೆ ಎನ್ನುತ್ತವೆ. ಪರೀಕ್ಷೆಯಲ್ಲಿ ಪ್ರಬಂಧ ಬರೆಯುವ ಭಾಗದಲ್ಲಿ ಮೆರಿನ್ ಎಲ್ಲರನ್ನೂ ಹಿಂದೆ ಹಾಕಿದಳು. ರಸಾಯನಶಾಸ್ತ್ರದ ಭಾಗದಲ್ಲಿ ಮುಳುಗಿದಳು. ಮರುವರ್ಷವೂ ಮುಳುಗಿದಳು, ಸ್ವಲ್ಪ ದಡದ ಹತ್ತಿರ.

ಮೂರನೆಯ ವರ್ಷ ಅವಳಿಗೆ ಪಾಠ ಹೇಳಿಕೊಟ್ಟದ್ದು ಶೆಡ್ಡೇ ಎಂದರೆ ನಂಬಬೇಕು. ಚಹಾದ ಹೊತ್ತಿನಲ್ಲಿ ಅವಳು ಪುಸ್ತಕ ಬಿಚ್ಚಿದರೆ ಕತ್ತರಿಯವರು ಸುಮ್ಮನಿರುತ್ತಿರಲಿಲ್ಲ. ನ್ಯೂಜಿಲೆಂಡಿನಿಂದ ಬಂದ ಹೇಮಿ ಎಂಬ ಮಾವೊರಿ ಜನಾಂಗದ ಹುಡುಗ, ತೋಳೆಂದರೆ ಒಂದೊಂದು ಕಂಬ, ಪುಸ್ತಕ ಕಿತ್ತುಕೊಂಡು ಪ್ರಶ್ನೆ ಕೇಳುತ್ತಿದ್ದ. ಜೀವಕೋಶದ ಪೊರೆಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಹೋಗುವ ಸಂಗತಿ ಅವಳ ತಲೆಗೆ ಏನು ಮಾಡಿದರೂ ಹತ್ತದಿದ್ದಾಗ ಅವನೇ ಬಿಡಿಸಿ ಹೇಳಿದ.

"ಅಕ್ಕಾ, ಇದು ನಮ್ಮ ದೊಡ್ಡಿ ಬಾಗಿಲು. ಮೂರು ಕುರಿ ಆಚೆ ತಳ್ಳು, ಎರಡು ಟಗರು ಒಳಗೆ ಎಳ್ಕೋ. ಸುಮ್ನೆ ಆಗುತ್ತಾ? ಬಾಗಿಲಲ್ಲಿ ನಾಯಿ ಬೇಕು. ನಾಯಿಗೆ ಊಟ ಬೇಕು. ಊಟ ಇಲ್ಲ ಅಂದ್ರೆ ನಾಯಿ ಮಲ್ಗುತ್ತೆ, ಬಾಗಿಲು ಕೆಟ್ಟು ಕೂರುತ್ತೆ."

"ಆಗ ಏನಾಗುತ್ತೆ?"

"ಸಾಯ್ತೀಯ," ಎಂದ ಕ್ಲೆಮ್, ಬ್ರೆಡ್ಡು ಅಗಿಯುತ್ತ. "ಅಷ್ಟಕ್ಕೆ ಕಾಲೇಜು ಬೇರೆ ಕೇಡು."

ತಮಾಷೆಯಲ್ಲ, ಆ ಪ್ರಶ್ನೆ ಪರೀಕ್ಷೆಯಲ್ಲಿ ಬಂತು. ಮೆರಿನ್ ನಾಯಿಯನ್ನು ನೆನೆದುಕೊಂಡು ಉತ್ತರ ಗುರುತು ಹಾಕಿದಳು. ಈ ಸಲ ಮುಳುಗಲಿಲ್ಲ. ಮೆಲ್ಬರ್ನಿನ ಒಂದು ಕಾಲೇಜು ಸಂದರ್ಶನಕ್ಕೆ ಕರೆಯಿತು: ಬುಧವಾರ, ಮಧ್ಯಾಹ್ನ ಮೂರಕ್ಕೆ. ಅಂದಿನಿಂದ ಶೆಡ್ಡಿನವರೆಲ್ಲ ಅವಳನ್ನು ಡಾಕ್ಟ್ರಮ್ಮ ಎಂದೇ ಕರೆದರು. ಕ್ಲೆಮ್ ಒಬ್ಬನೇ ಕರೆಯಲಿಲ್ಲ.

ತಂಡ ಆಗ ಟಲ್ಲಿಂಗಾ ಎಂಬ ಕುರಿ ಫಾರ್ಮಿನ ಶೆಡ್ಡಿನಲ್ಲಿತ್ತು. ಅದರ ಒಡತಿ ಮಿಸೆಸ್ ಲಾವ್ರಿ, ಎಪ್ಪತ್ತು ದಾಟಿದ ವಿಧವೆ, ಮಾತು ಕಡಿಮೆ. ಅವರ ಉಣ್ಣೆಗೆ ಮೆರಿನ್ ಹದಿನೈದು ವರ್ಷದಿಂದ ದರ್ಜೆ ಹಾಕುತ್ತಿದ್ದಳು. ಇಡೀ ಬಯಲಿನಲ್ಲಿ ಅವಳಿಗೆ ಅತಿ ಇಷ್ಟವಾದ ಉಣ್ಣೆ ಅದು. ಕೆಲಸ ಸೋಮವಾರ ಮುಗಿಯಬೇಕಿತ್ತು. ಶುಕ್ರವಾರ ಶುರುವಾದ ಮಳೆ ಶನಿವಾರವೂ ಬಿಡಲಿಲ್ಲ, ಕುರಿಗಳು ತೊಯ್ದವು, ಒಣಗುವ ತನಕ ಎಲ್ಲರೂ ಕೈ ಕಟ್ಟಿ ಕೂತರು. ಲೆಕ್ಕ ಹಾಕಿದರೆ ಬುಧವಾರ ಶೆಡ್ಡು ಇನ್ನೂ ನಡೆಯುತ್ತಲೇ ಇರುತ್ತಿತ್ತು.

ಮೆರಿನ್ ಗುತ್ತಿಗೆದಾರ ಡೆಸ್‌ನ ಹತ್ತಿರ ಹೋದಳು. ಡೆಸ್ ಕೆಟ್ಟವನಲ್ಲ. ಯಾರಿಗೂ ಇಲ್ಲ ಎನ್ನಲಾರದೆ ಮುಖ ಹುಳ್ಳಗೆ ಮಾಡಿಕೊಂಡು ಇಲ್ಲ ಎನ್ನುವ ಪೈಕಿ.

"ಒಂದು ದಿನದ ಮಟ್ಟಿಗೆ ಬೇರೆ ಯಾರನ್ನಾದ್ರೂ ಕರ್ಸು, ಡೆಸ್."

"ಎಲ್ಲಿಂದ ಕರ್ಸ್ಲಿ? ಇದು ಹಂಗಾಮು. ದರ್ಜೆ ಹಾಕೋರೆಲ್ಲ ಒಂದೊಂದು ಶೆಡ್ಡಲ್ಲಿ ಸಿಕ್ಹಾಕ್ಕೊಂಡಿದಾರೆ. ಒಂದಿನದ ಉಣ್ಣೆ ರಾಶಿ ಹಾಕಿಡೋಣ ಅಂದ್ರೆ ಇಲ್ಲಿ ಕಾಲಿಡೋಕೆ ಜಾಗ ಇಲ್ಲ."

"ಲಾವ್ರಿ ಅವ್ರನ್ನ ಒಂದು ಮಾತು ಕೇಳಿದ್ರೆ..."

"ಅವ್ರನ್ನಾ? ಆಗ್ಲೇ ಮಳೆ ತಿಂದಿದೆ. ಲಾರಿಗೆ ಹೇಳಾಗಿದೆ. ಈಗ ಹೋಗಿ ಇನ್ನೊಂದು ದಿನ ಕೊಡಿ ಅನ್ಲಾ? ನೀನೇ ಹೇಳು."

ಅವಳು ಹೋಗಿ ಕಾಲೇಜಿಗೆ ಫೋನು ಮಾಡಿದಳು, ದಿನ ಬದಲಿಸಲಾಗದು, ಮುಂದಿನ ವರ್ಷ ಮತ್ತೆ ಬರೆಯಿರಿ ಎಂದರು. ಉಣ್ಣೆಯ ಮೂಟೆಯ ಮೇಲೆ ಒತ್ತುವುದು ಅವಳ ಗುರುತಿನ ಮುದ್ರೆ. ನಡುವೆ ಬಿಟ್ಟು ಓಡಿದರೆ ಶೆಡ್ಡು ನಿಲ್ಲುತ್ತದೆ, ಕುರಿಗಿಷ್ಟು ಎಂದು ಕೂಲಿ ಪಡೆಯುವ ಕತ್ತರಿಯವರು ಬರಿಗೈಯಲ್ಲಿ ಕೂರುತ್ತಾರೆ. ಮಂಗಳವಾರ ಚಹಾದ ಹೊತ್ತಿಗೆ ತಾನು ಸಂದರ್ಶನಕ್ಕೆ ಹೋಗುವುದಿಲ್ಲ ಎಂದು ಎಲ್ಲರಿಗೂ ಹೇಳಿಬಿಟ್ಟಳು.

ಮೊದಲಿಗೆ ಕ್ಲೆಮ್ ಮಾತಾಡಿದ. "ಒಳ್ಳೇದೇ ಆಯ್ತು. ನಲವತ್ತರ ಹತ್ರ ಬಂದು ಚೀಲ ಹೆಗಲಿಗೆ ಹಾಕ್ಕೊಂಡು ಚಿಕ್ಕ ಚಿಕ್ಕ ಹುಡುಗ್ರ ಜೊತೆ ಕೂರೋದು, ಏನು ಚೆಂದ ಅದು? ಇಲ್ಲಿ ಉಣ್ಣೆ ಯಾರು ನೋಡೋರು?"

ಮೆರಿನ್ ಎದ್ದು ಮೂಟೆ ಒತ್ತುವ ಯಂತ್ರದ ಹಿಂದೆ ಹೋಗಿ ನಿಂತು ಚೆನ್ನಾಗಿ ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು, ಕ್ಲೆಮ್‌ನ ಮೇಲೂ, ಮಳೆಯ ಮೇಲೂ, ಇಷ್ಟು ವರ್ಷ ತಡ ಮಾಡಿದ ತನ್ನ ಮೇಲೂ. ಆಮೇಲೆ ಮುಖ ತೊಳೆದು ಬಂದು ಮೇಜಿನ ಮುಂದೆ ನಿಂತಳು.

ಆ ಸಂಜೆ ನಾಲ್ಕು ಹನಿ ಉದುರಿತು. ಕುರಿಗಳು ಮಾಡಿನ ಕೆಳಗಿದ್ದವು, ಅವುಗಳಿಗೆ ತಾಗಿದ್ದೇನೂ ಇಲ್ಲ. ಆದರೂ ಬುಧವಾರ ಬೆಳಿಗ್ಗೆ ಹೇಮಿ, "ಯಾಕೋ ಅನುಮಾನ. ಮತ ಹಾಕೋಣ" ಎಂದ.

ಇದು ಅಲ್ಲಿನ ಕಟ್ಟಳೆ. ಒದ್ದೆ ಕುರಿಯನ್ನು ತೊಡೆಯ ನಡುವೆ ಹಿಡಿದು ದಿನವಿಡೀ ಕತ್ತರಿಸಿದರೆ ಮೈತುಂಬ ಕುರು ಏಳುತ್ತವೆ, ಕೀಲು ಹಿಡಿಯುತ್ತದೆ, ಉಣ್ಣೆಯೂ ಮೂಟೆಯಲ್ಲಿ ಮುಗ್ಗುತ್ತದೆ. ಹಾಗಾಗಿ ಯಾವ ಕತ್ತರಿಯವನಿಗೆ ಅನುಮಾನ ಬಂದರೂ ಸರಿ, ಪ್ರತಿಯೊಬ್ಬರೂ ಎರಡು ಕುರಿ ಕತ್ತರಿಸಿ ನೋಡಿ, ಒಣಗಿದೆ ಅಥವಾ ಒದ್ದೆ ಎಂದು ಚೀಟಿಯಲ್ಲಿ ಬರೆದು ಗುಟ್ಟಾಗಿ ಮತ ಹಾಕುತ್ತಾರೆ. ಒದ್ದೆಗೆ ಹೆಚ್ಚು ಮತ ಬಿದ್ದರೆ ಅಂದು ಕೆಲಸವಿಲ್ಲ, ಕೂಲಿಯೂ ಇಲ್ಲ. ಆ ಮತವನ್ನು ಗುತ್ತಿಗೆದಾರ ಪ್ರಶ್ನಿಸುವ ಹಾಗಿಲ್ಲ, ಒಡತಿಯೂ ಪ್ರಶ್ನಿಸುವ ಹಾಗಿಲ್ಲ. ದರ್ಜೆ ಹಾಕುವವಳಿಗಂತೂ ಮತವೇ ಇಲ್ಲ.

ಐವರು ಕತ್ತರಿಯವರೂ ಎರಡೆರಡು ಕುರಿ ಕತ್ತರಿಸಿದರು. ಮೆರಿನ್ ದೊಡ್ಡಿಯೊಳಗೆ ಕೈ ಚಾಚಿ ಒಂದು ಕುರಿಯ ಉಣ್ಣೆಯನ್ನು ಬೇರ್ಪಡಿಸಿ ಬೆರಳನ್ನು ಚರ್ಮದ ತನಕ ಇಳಿಸಿದಳು. ಬೆಚ್ಚಗೆ, ಒಣಗಿ ಗರಿಗರಿಯಾಗಿತ್ತು. ಚೀಟಿಗಳು ಕ್ಲೆಮ್‌ನ ಹ್ಯಾಟಿನೊಳಗೆ ಬಿದ್ದವು. ಡೆಸ್ ಒಂದೊಂದಾಗಿ ಬಿಚ್ಚಿದ.

"ಒದ್ದೆ," ಎಂದ. ಎರಡನೆಯದು ಬಿಚ್ಚಿ, "ಒದ್ದೆ." ಮೂರನೆಯದಕ್ಕೆ ಅವನ ಹುಬ್ಬು ಮೇಲೇರಿತು. ನಾಲ್ಕು, ಐದು. ಐದೂ ಒದ್ದೆ.

ಆಗ ಆ ಐವರ ಮುಖ ನೋಡಬೇಕಿತ್ತು. ಒಬ್ಬರನ್ನೊಬ್ಬರು ಮಿಕಿಮಿಕಿ ನೋಡಿಕೊಂಡರು. ಸಂಚು ಹೂಡಿದವರು ಹಾಗೆ ನೋಡುವುದಿಲ್ಲ. ಒಬ್ಬೊಬ್ಬನೂ, ಹೇಗೂ ಉಳಿದ ನಾಲ್ವರು ಒಣ ಎಂದೇ ಬರೆಯುತ್ತಾರೆ, ಕೆಲಸ ನಡೆದೇ ನಡೆಯುತ್ತದೆ, ನನ್ನದೊಂದು ಮತವಾದರೂ ಅವಳ ಪರವಾಗಿ ಇರಲಿ ಎಂದು ಸುಳ್ಳು ಬರೆದಿದ್ದ. ಯಾರಿಗೂ ಒಂದು ದಿನದ ಕೂಲಿ ಬಿಡುವ ಉದ್ದೇಶವಿರಲಿಲ್ಲ. ಖರ್ಚಿಲ್ಲದೆ ಒಳ್ಳೆಯವನಾಗಲು ಹೋಗಿ ಐವರೂ ಒಟ್ಟಿಗೆ ಸಿಕ್ಕಿಬಿದ್ದರು. ಕ್ಲೆಮ್ ಹ್ಯಾಟನ್ನು ಕಿತ್ತುಕೊಂಡು ತಲೆಗೆ ಒತ್ತಿ, ಅವಳ ಕಡೆ ನೋಡದೆ ಹೊರನಡೆದ. ಅವನ ಚೀಟಿಯೂ ಅದರಲ್ಲಿತ್ತು ಎಂದು ಮೆರಿನ್‌ಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

ಅಷ್ಟರಲ್ಲಿ ಮಿಸೆಸ್ ಲಾವ್ರಿಯ ಗಾಡಿ ಬಂದು ನಿಂತಿತು. ಕತ್ತರಿ ಯಂತ್ರಗಳ ಸದ್ದು ಕೇಳದೆ ಬಂದಿದ್ದರು. ಡೆಸ್ ತೊದಲುತ್ತ ಮತದ ವಿಷಯ ಹೇಳಿದ. ಅವರು ಅವನ ಮಾತು ಮುಗಿಯುವ ಮೊದಲೇ ಮೆರಿನ್‌ಳ ಹತ್ತಿರ ಬಂದರು.

"ನೀನು ಕೈ ಇಟ್ಟು ನೋಡಿದ್ಯಾ?"

"ನೋಡ್ದೆ, ಮಿಸೆಸ್ ಲಾವ್ರಿ."

"ಒದ್ದೆ ಇದ್ವಾ?"

ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಆ ಐವರ ಮಾನ ಹೋಗುತ್ತದೆ, ತನ್ನ ಸಂದರ್ಶನವೂ ಹೋಗುತ್ತದೆ. ಮೆರಿನ್ ನೆಲ ನೋಡಿದಳು.

"ಮತ ನಂದಲ್ಲ. ಅದನ್ನ ಹೇಳೋದು ನನ್ನ ಕೆಲ್ಸ ಅಲ್ಲ, ಮಿಸೆಸ್ ಲಾವ್ರಿ."

ಮುದುಕಿ "ಸರಿ" ಎಂದು ಗಾಡಿ ಹತ್ತಿ ಹೋದರು.

ಮೆರಿನ್ ಕಾರು ಶುರು ಮಾಡುವಾಗ ಹೇಮಿ ಓಡಿ ಬಂದು ಕಿಟಕಿಗೆ ತಲೆ ತೂರಿಸಿದ. "ಅಕ್ಕಾ, ದೇವರಾಣೆ ನಾವು ಮಾತಾಡ್ಕೊಂಡಿರ್ಲಿಲ್ಲ. ನನ್ನ ಒಬ್ಬನ ಮತದಿಂದ ಏನಾಗುತ್ತೆ ಅಂತ ಬರ್ದೆ. ಹಾಳಾದ ಮುದುಕನೂ ಬರೀತಾನೆ ಅಂತ ಯಾರಿಗೆ ಗೊತ್ತಿತ್ತು! ಈಗ ನೀನು ಹೋಗಿ ಗೆದ್ದು ಬರ್ಲಿಲ್ಲ ಅಂದ್ರೆ ಕ್ಲೆಮ್ ನಮ್ಮನ್ನ ಬದುಕೋಕೆ ಬಿಡಲ್ಲ."

ಐದು ಗಂಟೆಯ ದಾರಿ. ಬಯಲು ಮುಗಿದು, ನದಿ ದಾಟಿ, ಊರುಗಳು ದಟ್ಟವಾಗುತ್ತ ಹೋದವು. ತಾನು ಖುಷಿಯಾಗಿರಬೇಕು ಎಂದು ಅವಳಿಗೆ ಗೊತ್ತಿತ್ತು. ಖುಷಿ ಇತ್ತು ಕೂಡ. ಆದರೂ ಮಿಸೆಸ್ ಲಾವ್ರಿಗೆ ಕೊಟ್ಟ ಉತ್ತರವನ್ನು ದಾರಿಯುದ್ದಕ್ಕೂ ಮತ್ತೆ ಮತ್ತೆ ತನಗೇ ಹೇಳಿಕೊಂಡಳು.

ಆ ಸಂದರ್ಶನ ಒಂದು ವಿಚಿತ್ರ ಆಟ. ಉದ್ದನೆಯ ಪಡಸಾಲೆಯ ಎರಡೂ ಕಡೆ ಕೋಣೆಗಳು, ಪ್ರತಿ ಬಾಗಿಲಿನ ಮೇಲೆ ಒಂದು ಪ್ರಶ್ನೆ. ಗಂಟೆ ಬಾರಿಸಿದರೆ ಒಳಗೆ, ಮತ್ತೆ ಬಾರಿಸಿದರೆ ಹೊರಗೆ, ಮುಂದಿನ ಬಾಗಿಲಿಗೆ. ಸಾಲಿನಲ್ಲಿದ್ದ ಮಕ್ಕಳೆಲ್ಲ ಜೀವಶಾಸ್ತ್ರ ಅರೆದು ಕುಡಿದವರು, ಇಸ್ತ್ರಿ ಮಾಡಿದ ಅಂಗಿ ತೊಟ್ಟವರು. ಮೆರಿನ್‌ಳ ತೋಳಿನಿಂದ ಕುರಿಯ ಜಿಡ್ಡಿನ ವಾಸನೆ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಆದರೂ ಮೊದಲ ಕೋಣೆಗಳಲ್ಲಿ ಅವಳಿಗೆ ಮಜಾ ಬಂತು. ಒಂದರಲ್ಲಿ ಮಾತೇ ಆಡದ ರೋಗಿಯ ಪಾತ್ರ ಹಾಕಿದ ನಟನನ್ನು ಮಾತಾಡಿಸಬೇಕಿತ್ತು. ಕುರಿ ಮಾಲೀಕರನ್ನು ಮಾತಾಡಿಸಿ ಪಳಗಿದವಳಿಗೆ ಅದೇನು ಮಹಾ.

ಕೊನೆಯ ಬಾಗಿಲ ಮೇಲೆ ಹೀಗಿತ್ತು: ನಿಮ್ಮ ಸಹಪಾಠಿ ತರಗತಿಗೆ ಬಾರದಿದ್ದರೂ ಬಂದಿದ್ದಳೆಂದು ಗೆಳೆಯರು ಹೇಳಿದ್ದಾರೆ. ಶಿಕ್ಷಕರು ನಿಮ್ಮನ್ನು ಕೇಳುತ್ತಾರೆ. ಏನು ಹೇಳುತ್ತೀರಿ? ಇಂಥದ್ದಕ್ಕೆ ಒಂದು ಸಿದ್ಧ ಉತ್ತರ ಅವಳಿಗೆ ಬಾಯಿಪಾಠ ಇತ್ತು. ಒಳಗೆ ಕೂತಿದ್ದವರು ಡಾಕ್ಟರಲ್ಲ, ಊರಿನವರ ಪರವಾಗಿ ಕೂರಿಸಿದ ಒಬ್ಬ ಮುದುಕ, ಟ್ರಾಮ್ ಓಡಿಸಿ ನಿವೃತ್ತನಾದೆ ಎಂದು ಹೇಳಿಕೊಂಡ. ಮೆರಿನ್ ಬಾಯಿ ತೆರೆದಳು. ಸಿದ್ಧ ಉತ್ತರ ಬರಲಿಲ್ಲ.

"ಇವತ್ತು ಈ ಪ್ರಶ್ನೆಗೆ ನಾನು ಒಳ್ಳೆ ಉತ್ತರ ಕೊಟ್ರೆ ಅದು ಸುಳ್ಳಾಗುತ್ತೆ," ಎಂದಳು. "ನಾನು ಇಲ್ಲಿ ಕೂತಿರೋದೇ ಹಾಗೆ." ಎಲ್ಲವನ್ನೂ ಹೇಳಿದಳು, ಯಾರ ಹೆಸರನ್ನೂ ಹೇಳದೆ.

ಮುದುಕನಿಗೆ ಕುತೂಹಲ ತಡೆಯಲಾಗಲಿಲ್ಲ. "ಕುರಿ ಒದ್ದೆಯೋ ಒಣವೋ ಅಂತ ಹೇಗೆ ಗೊತ್ತಾಗುತ್ತೆ?" ಹೇಳಿದಳು. "ಐದು ಜನ ಮಾತಾಡ್ಕೊಳ್ದೆ ಅದೇ ಬರೆದ್ರಾ?" ಹೌದು ಎಂದಳು. ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ಆ ಒಡತಿ ನಿಮ್ಮನ್ನೇ ಯಾಕೆ ಕೇಳಿದ್ರು?" ಎಂದ.

ಲೋಕದವರನ್ನೆಲ್ಲ ಯಾಕೆ ಯಾಕೆ ಎಂದು ಕಾಡಿದವಳಿಗೆ ಈ ಯಾಕೆ ತಟ್ಟಿಯೇ ಇರಲಿಲ್ಲ. "ಗೊತ್ತಿಲ್ಲ," ಎಂದಳು. ಗಂಟೆ ಬಾರಿಸಿತು.

ಸೀಟು ಸಿಕ್ಕಿತು, ಈಗಲೇ ಹೇಳಿಬಿಡುತ್ತೇನೆ. ಆ ಕೊನೆಯ ಕೋಣೆಯಿಂದ ಸಿಕ್ಕಿತೋ, ಆ ಕೋಣೆಯಿದ್ದೂ ಸಿಕ್ಕಿತೋ, ಕಾಲೇಜಿನವರು ಯಾರಿಗೂ ಹೇಳುವುದಿಲ್ಲ. ಆದರೆ ಸುದ್ದಿ ಬಂದದ್ದು ಎರಡು ತಿಂಗಳ ಮೇಲೆ. ಮರುದಿನ ಟಲ್ಲಿಂಗಾಕ್ಕೆ ವಾಪಸು ಬರುವಾಗ ಅವಳಿಗೆ ಎಲ್ಲ ಕೈತಪ್ಪಿತು ಎಂದೇ ಅನಿಸಿತ್ತು.

ನದಿ ದಾಟುವಾಗಲೇ ಮಳೆ ಹಿಡಿಯಿತು. ಬುಧವಾರ ಇಡೀ ಬಿಸಿಲಿತ್ತು, ಕತ್ತರಿಸಿದ್ದರೆ ಹೆಚ್ಚು ಕಡಿಮೆ ಕೆಲಸ ಮುಗಿದಿರುತ್ತಿತ್ತು. ಈಗ ಗುರುವಾರ ಬೆಳಗಿನಿಂದ ಜಡಿಮಳೆ, ಮೇಯಲು ಹೊರಗೆ ಬಿಟ್ಟಿದ್ದ ಉಳಿದ ಕುರಿಗಳು ನಿಜವಾಗಿಯೇ ತೊಯ್ದು ತೊಪ್ಪೆಯಾಗಿದ್ದವು. ಲಾರಿ ಖಾಲಿ ಹೋಗಿತ್ತು. ಕತ್ತರಿಯವರು ಬಿಡಾರದಲ್ಲಿ ಇಸ್ಪೀಟು ಹಾಕುತ್ತ ಕೂತಿದ್ದರು.

ಬೈಯುತ್ತಾರೆ ಎಂದುಕೊಂಡು ಒಳಗೆ ಹೋದರೆ, ಅವರಿಗೆ ಬೇಕಾಗಿದ್ದದ್ದು ಪ್ರಶ್ನೆಗಳು. ಒಂದೊಂದು ಕೋಣೆಯ ಪ್ರಶ್ನೆಯನ್ನೂ ಹೇಳಿಸಿ, ತಾವೇ ಉತ್ತರ ಕೊಟ್ಟು, ಜಗಳವಾಡಿದರು. ಮಾತಾಡದ ರೋಗಿಗೆ ಒಂದು ಬಿಯರ್ ಕೊಡಬೇಕಿತ್ತು ಎಂದ ಹೇಮಿ. ಕೊನೆಯ ಪ್ರಶ್ನೆ ಕೇಳಿ ಎಲ್ಲರೂ ಎಲೆಗಳನ್ನು ಕೆಳಗಿಟ್ಟರು.

"ನಮ್ಮ ವಿಷ್ಯ ಹೇಳ್ಬಿಟ್ಯಾ?" ಎಂದ ಕ್ಲೆಮ್.

"ಹೆಸ್ರು ಹೇಳ್ಲಿಲ್ಲ. ಈಗ ಮೇಲಿನ ಮನೆಗೆ ಹೋಗಿ ಲಾವ್ರಿ ಅವ್ರಿಗೂ ಹೇಳ್ತೀನಿ. ನಾನು ಹೇಳೋದು ನನ್ನ ಕೈ ಏನು ನೋಡ್ತು ಅನ್ನೋದನ್ನ ಮಾತ್ರ."

"ಅವ್ರಿಗೇನು ಲೆಕ್ಕ ಬರಲ್ವಾ? ನಮಗೆ ಈ ಶೆಡ್ಡಲ್ಲಿ ಮತ್ತೆ ಕೆಲ್ಸ ಸಿಗಲ್ಲ."

"ಗೊತ್ತು, ಕ್ಲೆಮ್."

ಕ್ಲೆಮ್ ತನ್ನ ಎಲೆಗಳನ್ನು ಮತ್ತೆ ಕೈಗೆತ್ತಿಕೊಂಡು ಅವುಗಳನ್ನೇ ನೋಡುತ್ತ ಹೇಳಿದ: "ನೀನು ಇರೋ ತನಕ ಚೆನ್ನಾಗಿತ್ತು ಕಣೇ ಶೆಡ್ಡು. ಅದಕ್ಕೇ ಅಂದಿದ್ದು ನಾನು, ಮೊನ್ನೆ. ಹೋಗು. ಹೇಳು."

ಮಿಸೆಸ್ ಲಾವ್ರಿ ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದರು. ಮೆರಿನ್ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. "ಕುರಿಗಳು ಒಣಗಿದ್ವು, ಮಿಸೆಸ್ ಲಾವ್ರಿ. ನೀವು ಕೇಳಿದಾಗ್ಲೇ ಹೇಳ್ಬೇಕಿತ್ತು. ನಂಗೆ ಮೆಲ್ಬರ್ನಲ್ಲಿ ಮೆಡಿಕಲ್ ಕಾಲೇಜಿನ ಇಂಟರ್ವ್ಯೂ ಇತ್ತು."

"ಒಣಗಿದ್ವು ಅಂತ ಗೊತ್ತು. ಐವತ್ತು ವರ್ಷದಿಂದ ಕುರಿ ಮುಟ್ತಿದೀನಿ, ನಂಗೆ ಕೈ ಇಲ್ವಾ? ಇಂಟರ್ವ್ಯೂ ವಿಷ್ಯ ಗೊತ್ತಿರ್ಲಿಲ್ಲ. ನಿನ್ನೆ ಡೆಸ್ ಬಾಯಿ ಬಿಟ್ಟ."

"ಗೊತ್ತಿದ್ರೆ ಮತ್ತೆ ನನ್ನ ಯಾಕೆ ಕೇಳಿದ್ರಿ?"

"ಏನೋ ನಡೀತಿದೆ ಅಂತ ಗೊತ್ತಾಯ್ತು, ಏನು ಅಂತ ಗೊತ್ತಾಗ್ಲಿಲ್ಲ. ನೀನಾದ್ರೂ ಹೇಳ್ತೀಯ ಅಂದ್ಕೊಂಡೆ." ಅವರ ದನಿ ಏರಲಿಲ್ಲ. "ಪ್ರತಿ ವರ್ಷ ಬಂದು ಮಾರ್ಚಲ್ಲಿ ಏನಾಯ್ತು, ಜೂನಲ್ಲಿ ಏನಾಯ್ತು ಅಂತ ನನ್ನ ಪ್ರಾಣ ತಿಂತೀಯ. ಒಂದು ದಿನ ಬಿಡುವು ಕೊಡಿ ಅಂತ ಕೇಳೋಕೆ ನಿಂಗೆ ಬಾಯಿ ಬರ್ಲಿಲ್ವಾ? ನನ್ನ ಕುರಿ. ನನ್ನ ಉಣ್ಣೆ. ನೀವೆಲ್ಲ ಸೇರಿ ಮತ ಹಾಕಿದ್ರಿ, ಡೆಸ್ ಇಲ್ಲ ಅಂದ, ನನ್ನನ್ನ ಮಾತ್ರ ಯಾರೂ ಕೇಳ್ಲೇ ಇಲ್ಲ. ಕೇಳಿದ್ರೆ ಮಂಗಳವಾರನೇ ಕಳಿಸ್ತಿದ್ದೆ."

ಮೆರಿನ್‌ಗೆ ನಾಚಿಕೆಯಿಂದ ಕಿವಿ ಸುಟ್ಟಿತು. ಮುದುಕಿ ಪಕ್ಕದ ಕುರ್ಚಿಯನ್ನು ಕಾಲಿನಿಂದ ತಳ್ಳಿ ಕೂರು ಎಂಬಂತೆ ತೋರಿಸಿದರು. ಅವಳು ಕೂತಳು.

"ಅಲೆಕ್ ಆಸ್ಪತ್ರೇಲಿದ್ದಾಗ ನಾನು ಡಾಕ್ಟ್ರನ್ನ ನೇರವಾಗಿ ಕೇಳ್ದೆ," ಎಂದರು ಮಿಸೆಸ್ ಲಾವ್ರಿ. ಅಲೆಕ್ ಅವರ ಗಂಡ, ತೀರಿಕೊಂಡು ಒಂಬತ್ತು ವರ್ಷವಾಗಿತ್ತು. "ಇವ್ರು ಉಳೀತಾರಾ ಅಂತ. ಚಿಕ್ಕ ವಯಸ್ಸಿನವ್ನು. ಪಾಪ, ನೆಲ ನೋಡ್ದ. 'ಅದನ್ನ ಹೇಳೋದು ನನ್ನ ಕೆಲ್ಸ ಅಲ್ಲ, ದೊಡ್ಡ ಡಾಕ್ಟ್ರು ಬರ್ತಾರೆ' ಅಂದ. ನಿನ್ನೆ ನೀನೂ ಅದೇ ಮಾತು ಅಂದೆ, ಅದೇ ಥರ ನೆಲ ನೋಡ್ಕೊಂಡು. ಆಮೇಲೆ ಡೆಸ್ ವಿಷ್ಯ ಹೇಳ್ದಾಗ ನಂಗೆ ಆಶ್ಚರ್ಯ ಆಗ್ಲಿಲ್ಲ. ಇವ್ಳು ಖಂಡಿತಾ ಡಾಕ್ಟ್ರಾಗ್ತಾಳೆ ಅಂದ್ಕೊಂಡೆ."

ಮಳೆ ತಗಡಿನ ಮೇಲೆ ಒಂದೇ ಸಮ ಬೀಳುತ್ತಿತ್ತು. ಆ ಮಾತು ಮೆರಿನ್‌ಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅಳು ಬಂತು, ಅತ್ತರೆ ಇವರಿಗೆ ಸಮಾಧಾನ ಹೇಳುವ ಕೆಲಸ ಬೀಳುತ್ತದೆ ಎಂದು ತಡೆದುಕೊಂಡಳು. ಎದ್ದು ಹೋಗಬಹುದಿತ್ತು, ಕ್ಷಮಿಸಿ ಎನ್ನಬಹುದಿತ್ತು. ಆದರೆ ಅವಳಿಗೆ ತಿಳಿಯಬೇಕಿತ್ತು.

"ಅವ್ನು ಏನನ್ಬೇಕಿತ್ತು?" ಎಂದು ಕೇಳಿದಳು.

ಮಿಸೆಸ್ ಲಾವ್ರಿ ಅವಳ ಕಡೆ ತಿರುಗಿದರು. ಒಂಬತ್ತು ವರ್ಷದಲ್ಲಿ ಇದನ್ನು ಯಾರೂ ಅವರನ್ನು ಕೇಳಿರಲಿಲ್ಲ. ಉತ್ತರ ಮಾತ್ರ ಯೋಚಿಸದೆಯೇ ಬಂತು.

"'ಇವತ್ತು ಮನೆಗೆ ಹೋಗ್ಬೇಡಿ' ಅನ್ಬೇಕಿತ್ತು. ಅಷ್ಟೇ ಸಾಕಿತ್ತು. ಕತ್ತರಿ ಹಂಗಾಮು ನಡೀತಿತ್ತು, ನಾನು ಶೆಡ್ಡು ನೋಡ್ಕೊಳ್ಳೋಕೆ ಬಂದ್ಬಿಟ್ಟೆ."